ಹೆದರಿದವರು ಓದುವ ಪುಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಲೆಯ ಮೇಲೆ ಹಾಲು, ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್. ಆಸ್ಪತ್ರೆಯ ಸಮವಸ್ತ್ರ ತೊಟ್ಟು, ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡ ಹೆಂಗಸೊಬ್ಬರು ನಿಂತೇ ಓದುತ್ತಿದ್ದಾರೆ. ಮಕ್ಕಳ ಜ್ವರದ ಬಗ್ಗೆ ಯಾರೋ ಬರೆದಿರುವ ಲೇಖನ ಅದು. ‘ತಕ್ಕಷ್ಟು ಔಷಧಿ ಕೊಡಬೇಕು’ ಎಂಬ ಸಾಲಿಗೆ ಬಂದಾಗ ಅವರ ಬೆರಳು ನಿಲ್ಲುತ್ತದೆ.

“ತಕ್ಕಷ್ಟು ಅಂದ್ರೆ ಎಷ್ಟು? ಅಳೋ ಮಗೂನ ಸೊಂಟದ ಮೇಲೆ ಇಟ್ಕೊಂಡು ಓದೋರಿಗೆ ಇದು ಎಷ್ಟು ಚಮಚ ಅಂತ ಹೇಗೆ ಗೊತ್ತಾಗುತ್ತೆ?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡು, ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಬೇಕು ಎಂದು ತಿದ್ದುತ್ತಾರೆ. ಅಷ್ಟರಲ್ಲಿ ಹಾಲು ಉಕ್ಕುತ್ತದೆ. ನಿದ್ದೆಗಣ್ಣಿನಲ್ಲೇ ಬಂದ ಗಂಡ ಒಲೆ ಆರಿಸಿ, ಊರಿನ ಮಕ್ಕಳೆಲ್ಲ ಉಳಿದರು, ನಮ್ಮನೆ ಹಾಲು ಮಾತ್ರ ಉಳಿಯಲಿಲ್ಲ ಎಂದು ಗೊಣಗುತ್ತಾ ಬಟ್ಟೆ ಹುಡುಕುತ್ತಾರೆ.

ಮಕ್ಕಳ ವಾರ್ಡಿನಲ್ಲಿ ಎಲ್ಲರೂ ಇವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ. ಅಲ್ಲಿನ ಪಾಳಿ ಶುರುವಾಗುವ ಮೊದಲು ದಿನಾ ಒಂದೆರಡು ಲೇಖನ ಓದುವುದು ಇವರು ತಾವಾಗಿಯೇ ಹೊತ್ತುಕೊಂಡ ಕೆಲಸ. ಆ ಲೇಖನಗಳಿರುವುದು ಅಂತರ್ಜಾಲದ ಒಂದು ವಿಶ್ವಕೋಶದಲ್ಲಿ; ಅದಕ್ಕೆ ಯಾರು ಬೇಕಾದರೂ ಬರೆಯಬಹುದು. ಹಾಗೆ ಬಂದ ಆರೋಗ್ಯದ ಲೇಖನಗಳಲ್ಲಿ ಹೇಳಿದ್ದು ನಿಜವೇ, ಅದಕ್ಕೆ ಆಧಾರವೇನು, ಓದಿದವರಿಗೆ ಅರ್ಥವಾಗುತ್ತದೆಯೇ ಎಂದು ಇವರು ನೋಡುತ್ತಾರೆ. ಸರಿಯಿದ್ದರೆ ಪುಟದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂಬ ಒಂದು ಪದ ಬೀಳುತ್ತದೆ. ಯಾರು ಪರಿಶೀಲಿಸಿದರು ಎಂದು ಓದುಗರು ಕೇಳುವುದಿಲ್ಲ.

ಇದೆಲ್ಲ ಶುರುವಾದದ್ದು ಒಂದು ಹೆಣ್ಣುಮಗುವಿನಿಂದ. ಕೆಲವು ವರ್ಷಗಳ ಹಿಂದೆ, ನೀರೆಂದುಕೊಂಡು ಸೀಮೆಎಣ್ಣೆ ಕುಡಿದ ಎರಡು ವರ್ಷದ ಮಗುವನ್ನು ತಾಯಿ ಎತ್ತಿಕೊಂಡು ಓಡಿ ಬಂದಿದ್ದಳು. ಬರುವ ಮೊದಲು ಫೋನಿನಲ್ಲಿ ಹುಡುಕಿ, ಇದೇ ವಿಶ್ವಕೋಶದ ಪುಟವೊಂದರಲ್ಲಿ ಹೇಳಿದ ಹಾಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದಳು. ಸೀಮೆಎಣ್ಣೆ ಕುಡಿದವರಿಗೆ ವಾಂತಿ ಮಾಡಿಸಬಾರದು; ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೇ ಆಯಿತು. ಎಲ್ಲರೂ ಸೇರಿ ಹೋರಾಡಿದರೂ ಮಗು ಉಳಿಯಲಿಲ್ಲ.

ಅದರಲ್ಲಿದ್ದ ಹಾಗೇ ಮಾಡಿದೆ ಸಿಸ್ಟರ್ ಎಂದು ಆ ತಾಯಿ ಮತ್ತೆ ಮತ್ತೆ ಹೇಳುತ್ತಿದ್ದಳಂತೆ. ನೀನು ತಾಯಿ ಮಾಡಬೇಕಾದ್ದನ್ನೇ ಮಾಡಿದೀಯ ಎಂದು ಬೆನ್ನು ಸವರಿ ಕಳಿಸಿದ ಸಿಸ್ಟರ್, ಮನೆಗೆ ಬಂದು ಆ ಪುಟ ತೆರೆದರು. ತಪ್ಪು ಸಾಲು ಕಣ್ಣಿಗೆ ಹೊಡೆಯುವಂತೆ ಮೇಲೆಯೇ ಇತ್ತು. ಅಳುತ್ತಲೇ ಅಳಿಸಿದರು. ಸಂಜೆಗೆ ನೋಡಿದರೆ ಸಾಲು ವಾಪಸು ಬಂದಿದೆ. ಲೇಖನ ಬರೆದವರು, ಆಧಾರ ಕೊಡದೆ ಬದಲಿಸಬಾರದೆಂದು ಟಿಪ್ಪಣಿ ಹಾಕಿದ್ದಾರೆ.

“ಮೈಯೆಲ್ಲ ಉರಿದುಹೋಯ್ತು. ಆದ್ರೆ ಅವ್ರು ಹೇಳಿದ್ದೂ ಸರಿ. ನಾನು ಸಿಸ್ಟರು ಅಂತ ಅವ್ರಿಗೇನು ಕನಸು ಬಿದ್ದಿತ್ತಾ?” ಎನ್ನುತ್ತಾರೆ. ಮರುದಿನ ಆಸ್ಪತ್ರೆಯ ವೈದ್ಯರಿಂದ ಹೊಸ ಪುಸ್ತಕ ಕೇಳಿ ಪಡೆದು, ಪುಟಸಂಖ್ಯೆ ಸಮೇತ ಮತ್ತೆ ತಿದ್ದಿದರು. ಈ ಸಲ ತಿದ್ದುಪಡಿ ಉಳಿಯಿತು. ಬರೆದವರು ನಿವೃತ್ತ ಶಾಲಾ ಮೇಷ್ಟ್ರು. ಉಪಕಾರವಾಯಿತೆಂದು ಹೇಳಿ, ತಮ್ಮ ಉಳಿದ ಲೇಖನಗಳನ್ನೂ ಒಮ್ಮೆ ನೋಡಿಕೊಡಲು ಕೇಳಿದರು. ಸಿಸ್ಟರ್ ಒಂದೊಂದಾಗಿ ನೋಡುತ್ತಾ ಹೋದರು.

ಪರಿಚಯ ಬೆಳೆದ ಮೇಲೆ ಮೇಷ್ಟ್ರು ಒಂದು ದಿನ, ಮೊದಲ ಸಲ ನೀವು ಕಾರಣವನ್ನೂ ಬರೆಯದೆ ಅಳಿಸಿದ್ದೇಕೆ ಎಂದು ಕೇಳಿದರು. ಸಿಸ್ಟರ್ ಸುಳ್ಳು ಹೇಳಲು ಮನಸ್ಸು ಬಾರದೆ, ನಡೆದದ್ದನ್ನು ಬರೆದರು. ಅದಾದ ಮೇಲೆ ವಾರಗಳು ಕಳೆದರೂ ಮೇಷ್ಟ್ರು ವಿಶ್ವಕೋಶದ ಕಡೆ ತಲೆ ಹಾಕಲಿಲ್ಲ.

“ಪುಟ ನೆಟ್ಟಗೆ ಮಾಡೋಕೆ ಹೋಗಿ ಮನುಷ್ಯನ್ನೇ ಮುರಿದು ಹಾಕಿದ್ನೇನೋ ಅನ್ಸಿ, ಊಟ ಸೇರ್ತಿರ್ಲಿಲ್ಲ,” ಎಂದು ನೆನೆಯುತ್ತಾರೆ.

ಕೊನೆಗೊಂದು ದಿನ ಮೇಷ್ಟ್ರೇ ಫೋನು ಮಾಡಿದರು. ಅಪ್ಪ ಓದುತ್ತಿದ್ದ ಹಳೇ ವೈದ್ಯಪುಸ್ತಕ ನೋಡಿ ಆ ಸಾಲು ಬರೆದದ್ದೆಂದೂ, ಪುಸ್ತಕಕ್ಕೂ ವಯಸ್ಸಾಗುತ್ತದೆಂದು ಹೊಳೆದಿರಲಿಲ್ಲವೆಂದೂ ಹೇಳಿದರು. ಆ ತಾಯಿಯ ವಿಳಾಸ ಕೊಡಿ, ಹೋಗಿ ಕ್ಷಮೆ ಕೇಳುತ್ತೇನೆ ಎಂದರು. ಸಿಸ್ಟರ್ ಒಪ್ಪಲಿಲ್ಲ.

“ನಿಮ್ಮ ಎದೆ ಮೇಲಿನ ಭಾರ ಇಳಿಯುತ್ತೆ ಮೇಷ್ಟ್ರೇ. ಆದ್ರೆ ಅದು ಹೋಗಿ ಅವಳ ಮೇಲೆ ಕೂರುತ್ತೆ. ಅವಳಾಗಿ ಕೇಳಿದ ದಿನ ನಾನೇ ಹೇಳ್ತೀನಿ. ನೀವು ಬರೆಯೋದು ಬಿಡ್ಬೇಡಿ.”

ಆ ದಿನವೂ ಬಂತು. ಹೊಸ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದ ಅದೇ ತಾಯಿ, ಸರದಿಯಲ್ಲಿದ್ದವರೆಲ್ಲ ಹೋಗುವ ತನಕ ಕಾದಿದ್ದು, ಅವತ್ತು ನಾನು ಓದಿದ್ದು ತಪ್ಪಿತ್ತಾ ಎಂದು ಕೇಳಿದಳು. ಸಿಸ್ಟರ್ ಹೌದೆಂದರು, ಮೊದಲೇ ಹೇಳುವ ಧೈರ್ಯ ತಮಗಿರಲಿಲ್ಲವೆಂದೂ ಸೇರಿಸಿದರು. ಈಗ ಏನಿದೆ ತೋರಿಸಿ ಎಂದಳು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಸಿಸ್ಟರ್ ಪುಟ ತೆರೆದುಕೊಟ್ಟರು. ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂಬುದು ಎಲ್ಲಕ್ಕಿಂತ ಮೇಲಿದೆ. ಆಕೆ ಅದನ್ನು ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದಳು. ಮೊದಲು ಬರೆದವರು ಯಾರು ಎಂದಳು.

“ನಿನ್ನ ಹಾಗೇ ಕಣಮ್ಮಾ,” ಎಂದರಂತೆ ಸಿಸ್ಟರ್. “ಒಳ್ಳೇದಾಗ್ಲಿ ಅಂತಾನೇ ಮಾಡಿದವ್ರು.”

ಆಕೆ ಕೂಸನ್ನು ಇವರ ಮಡಿಲಿಗೆ ಕೊಟ್ಟು, ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ಎದ್ದು ಹೋಗುವಾಗ, ಇದನ್ನು ಯಾರಿಗೆ ಬೇಕಾದರೂ ಹೇಳಿ, ಇನ್ನೊಬ್ಬಳು ನನ್ನ ಹಾಗೆ ಮಾಡದಿದ್ದರೆ ಸಾಕು ಎಂದಳು. ಅದಕ್ಕೇ ಈ ಮಾತು ಇಲ್ಲಿ ಅಚ್ಚಾಗುತ್ತಿದೆ. ಸಂಜೆ ಸಿಸ್ಟರ್ ಅದನ್ನು ಮೇಷ್ಟ್ರಿಗೆ ಫೋನಿನಲ್ಲಿ ತಿಳಿಸಿದರು. ಈಗಲೂ ಅವರು ಬರೆಯುತ್ತಾರೆ. ಆರೋಗ್ಯದ ಒಂದು ಸಾಲೂ ಸಿಸ್ಟರ್ ನೋಡದೆ ಹೊರಬರುವುದಿಲ್ಲ. ಒಬ್ಬರ ಮುಖವನ್ನೊಬ್ಬರು ಇನ್ನೂ ಕಂಡಿಲ್ಲ.

ಸಿಸ್ಟರ್‌ಗೆ ಬರುವ ವರ್ಷ ನಿವೃತ್ತಿ. ಆಮೇಲೆ ಬೆಳಗಿನ ಜೊತೆಗೆ ಮಧ್ಯಾಹ್ನವೂ ಸಿಗುತ್ತದಲ್ಲ, ಇನ್ನಷ್ಟು ಓದಬಹುದು ಎನ್ನುತ್ತಾರೆ. ಬೇರೆ ಆಸೆ ಏನಾದರೂ ಇದೆಯೇ ಎಂದರೆ, ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಲ್ಲುತ್ತಾರೆ.

“ನಾನು ಸರಿ ಅಂತ ಬಿಟ್ಟಿದ್ದನ್ನ ಇನ್ಯಾರಾದ್ರೂ ಅನುಮಾನದ ಕಣ್ಣಿಂದ ಓದ್ಬೇಕು. ನಾನೂ ಮನುಷ್ಯಳೇ ಅಲ್ವಾ, ಎಲ್ಲೋ ಒಂದು ತಪ್ಪು ನನ್ನ ಕೈ ದಾಟಿ ಹೋಗಿರ್ಬಹುದು. ಸಿಕ್ಕಿದ್ರೆ ಮುಲಾಜು ನೋಡ್ಬಾರ್ದು. ಮೊದ್ಲು ತಿದ್ದಿ, ಆಮೇಲೆ ನಿಧಾನಕ್ಕೆ ನನ್ನ ಬೈರಿ.”