ಮೈಮೂನಮ್ಮ ಹೊಟ್ಟೆ ತುಂಬ ನೀರು ಕುಡಿದದ್ದು

ಮೈಮೂನಮ್ಮನಿಗೆ ದಿನಕ್ಕೆ ಅರ್ಧ ಲೀಟರ್ ನೀರು ಸಾಕು ಎಂದು ಡಾಕ್ಟರು ಹೇಳಿ ಎರಡು ವರ್ಷ ಕಳೆದಿತ್ತು. ಎರಡು ಕಿಡ್ನಿಯೂ ಹೋಗಿದ್ದವು. ಮಂಗಳವಾರ ಮತ್ತು ಶುಕ್ರವಾರ ಗಂಡ ಅಬ್ದುಲ್ ಸಮದ್ ಕಕ್ಕಿಂಜೆ ಪೇಟೆಯ ತನ್ನ ಟೈಲರ್ ಅಂಗಡಿಗೆ ಬೀಗ ಹಾಕಿ ಅವಳನ್ನು ಡಯಾಲಿಸಿಸ್‌ಗೆ ಬೆಳ್ತಂಗಡಿಗೆ ಕರೆದುಕೊಂಡು ಹೋಗುತ್ತಿದ್ದ. ಪ್ರತಿದಿನ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅರ್ಧ ಲೀಟರ್ ತುಂಬಿ ಅವಳ ಮಂಚದ ಪಕ್ಕ ಇಡುತ್ತಿದ್ದ. ಚಹಾಕ್ಕೂ ಅದೇ ನೀರು, ಮಾತ್ರೆಗೂ ಅದೇ. ಗಂಜಿಯನ್ನು ಬಸಿದು ಕೊಡುತ್ತಿದ್ದ.

ಬಾಟಲಿಯಲ್ಲಿ ಇರುತ್ತಿದ್ದದ್ದು ಒಸರಿನ ನೀರು. ಅವರ ಮನೆಯಿಂದ ಹತ್ತು ನಿಮಿಷ ಕೆಳಗೆ ಇಳಿದರೆ ರಬ್ಬರ್ ತೋಟದ ಅಂಚಿನಲ್ಲಿ ಒಂದು ಬಂಡೆ ಉಂಟು. ಅದರ ಬಿರುಕಿಗೆ ಯಾರೋ ತುಂಡು ಪೈಪ್ ಸಿಕ್ಕಿಸಿದ್ದಾರೆ. ಮಳೆಗಾಲದಲ್ಲಿ ಧೋ ಎಂದು ಬೀಳುವ ನೀರು ಏಪ್ರಿಲ್‌ನಲ್ಲಿ ಹೆಬ್ಬೆರಳಿನಷ್ಟು ದಪ್ಪ ಬರುತ್ತದೆ, ಆದರೆ ನಿಂತದ್ದೇ ಇಲ್ಲ. ನಳ್ಳಿಯಲ್ಲಿ ಬರುವ ಬೋರ್‌ವೆಲ್ ನೀರಿಗೆ ಕಬ್ಬಿಣದ ವಾಸನೆ. ಹಾಗಾಗಿ ಆ ಸುತ್ತಿನ ಏಳೆಂಟು ಮನೆಯವರು ಕುಡಿಯಲಿಕ್ಕೆ ಒಸರಿಗೇ ಹೋಗುತ್ತಾರೆ.

ಮೈಮೂನಮ್ಮ ಮತ್ತು ಪಕ್ಕದ ಮನೆಯ ಶಶಿಪ್ರಭಾ ಇಪ್ಪತ್ತೈದು ವರ್ಷ ಅಲ್ಲಿಗೆ ಜೊತೆಗೇ ಹೋದವರು. ಇಬ್ಬರೂ ಬೀಡಿ ಕಟ್ಟುತ್ತಿದ್ದರು. ಸಂಜೆ ಬೀಡಿ ಕಟ್ಟುವ ಮೊರ ಎತ್ತಿಟ್ಟು ಕೊಡ ಹಿಡಿದು ಇಳಿದರೆ ವಾಪಸು ಬರುವಾಗ ಕತ್ತಲಾಗುತ್ತಿತ್ತು. ಶಶಿಪ್ರಭಾಳ ಗಂಡ ಚಿನ್ನಯ್ಯ, "ನೀರು ತರ್ಲಿಕ್ಕೆ ಹೋದದ್ದಾ, ಪಂಚಾಯತಿಗೆ ಹೋದದ್ದಾ ಮಾರಾಯ್ತಿ?" ಎಂದು ಬೈಯುತ್ತಿದ್ದ.

ಕಾಯಿಲೆ ಬಿದ್ದ ಮೇಲೆ ಮೈಮೂನಮ್ಮನಿಗೆ ಕೊಡ ಎತ್ತಲಿಕ್ಕೆ ಆಗಲಿಲ್ಲ. ಆದರೂ ಶಶಿಪ್ರಭಾ ಹೊರಟರೆ ಬರಿಗೈಯಲ್ಲಿ ಹಿಂದೆ ಹೊರಡುತ್ತಿದ್ದಳು. ಸಮದ್ ತಡೆಯಲಿಲ್ಲ. "ಕರ್ಕೊಂಡು ಹೋಗಿ ಶಶಿಯಕ್ಕ. ಒಳಗೇ ಕೂತು ಅವಳಿಗೆ ಬೇಜಾರಾಗ್ತದೆ. ಕುಡಿಯದ ಹಾಗೆ ಮಾತ್ರ ನೋಡ್ಕೊಳ್ಳಿ," ಎಂದಿದ್ದ. ಶಶಿಪ್ರಭಾ ನೋಡಿಕೊಂಡಿದ್ದಳು. ಮೈಮೂನಮ್ಮ ಪೈಪಿನ ಹತ್ತಿರ ಕಲ್ಲಿನ ಮೇಲೆ ಕೂತು ಕಾಲಿನ ಮೇಲೆ ನೀರು ಬಿಟ್ಟುಕೊಳ್ಳುತ್ತಿದ್ದಳು, ಅಷ್ಟೇ. ಆಗೆಲ್ಲ ಅವಳ ನಾಲಿಗೆ ತುಟಿಯ ಮೇಲೆ ಓಡಾಡುವುದನ್ನು ಶಶಿಪ್ರಭಾ ಕಂಡೂ ಕಾಣದ ಹಾಗೆ ಇರುತ್ತಿದ್ದಳು. ತನಗೆ ಎಷ್ಟೇ ಬಾಯಾರಿದರೂ ಅಲ್ಲಿ ಒಂದು ಗುಟುಕು ಕುಡಿಯುತ್ತಿರಲಿಲ್ಲ.

ಕಳೆದ ಏಪ್ರಿಲ್‌ನ ಕೊನೆಯ ಭಾನುವಾರ ಸೆಕೆ ಹೇಳತೀರದು. ಒಸರಿನ ಹತ್ತಿರ ಬೇರೆ ಯಾರೂ ಇರಲಿಲ್ಲ. ಶಶಿಪ್ರಭಾ ಮೊದಲ ಕೊಡ ತುಂಬಿಸಿ ಪಕ್ಕಕ್ಕಿಟ್ಟಳು. ಮೈಮೂನಮ್ಮ ಎದ್ದು ಬಂದು ಪೈಪಿಗೆ ಬೊಗಸೆ ಒಡ್ಡಿದಳು.

ಶಶಿಪ್ರಭಾ ಅವಳ ಕೈ ಹಿಡಿದಳು. "ಬೇಡ ಮೈಮೂನಕ್ಕ."

"ಎರಡು ವರ್ಷದಿಂದ ನಾನು ನೀರು ಕುಡಿದದ್ದಲ್ಲ ಶಶೀ, ನಾಲಿಗೆ ಒದ್ದೆ ಮಾಡಿದ್ದು. ಒಮ್ಮೆ ಹೊಟ್ಟೆ ತುಂಬ ಕುಡೀತೇನೆ. ನಾಡಿದ್ದು ಹೇಗೂ ಡಯಾಲಿಸಿಸ್ ಉಂಟಲ್ಲ, ತೆಗೀತಾರೆ. ನೀನು ಆ ಕಡೆ ತಿರುಗು."

ಶಶಿಪ್ರಭಾ ಕೈ ಬಿಟ್ಟಳು. ತಿರುಗಿ ರಬ್ಬರ್ ಮರಗಳನ್ನು ನೋಡುತ್ತ ನಿಂತಳು. ಹಿಂದಿನಿಂದ ಗಟಗಟ ಶಬ್ದ ಕೇಳಿಸುತ್ತಲೇ ಇತ್ತು. ನಡುವೆ ಒಮ್ಮೆ ನಿಂತು, ಉಸಿರು ಎಳೆದು, ಮತ್ತೆ ಶುರುವಾಯಿತು. ಸಾಕು ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

ತಿರುಗಿ ನೋಡಿದಾಗ ಮೈಮೂನಮ್ಮನ ಗಲ್ಲ, ಕುತ್ತಿಗೆ, ರವಿಕೆ ಎಲ್ಲ ಒದ್ದೆ. ಮುಖದಲ್ಲಿ ನಗು. "ಮನೆಯವರಿಗೆ ಹೇಳ್ಬೇಡ," ಎಂದಳು. ಶಶಿಪ್ರಭಾ ಹೇಳಲಿಲ್ಲ.

ಸೋಮವಾರ ಬೆಳಗಾಗುವಾಗ ಮೈಮೂನಮ್ಮನಿಗೆ ಉಸಿರು ಕಟ್ಟಿತು. ಸಮದ್ ಬಾಡಿಗೆ ಕಾರು ಕರೆಸಿದ. ಶಶಿಪ್ರಭಾ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ಎದೆಗೆ ಒರಗಿಸಿ ಹಿಡಿದುಕೊಂಡಳು. ಆಸ್ಪತ್ರೆ ಮುಟ್ಟಿ ಅರ್ಧ ಗಂಟೆಗೆ ಎಲ್ಲ ಮುಗಿಯಿತು. ಎದೆಯಲ್ಲಿ ನೀರು ತುಂಬಿತ್ತು, ಹೃದಯವೂ ಬಲವಾಗಿರಲಿಲ್ಲ, ಎಂದರು ಡಾಕ್ಟರು.

"ನಿನ್ನೆ ಮಧ್ಯಾಹ್ನ ಗಂಜಿ ಸರಿಯಾಗಿ ಬಸಿಯಲಿಲ್ಲ," ಎಂದು ಸಮದ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ. "ಅವಳು ಕೇಳಿದಳೆಂದು ಸ್ವಲ್ಪ ತಿಳಿ ಬಿಟ್ಟೆ. ನನ್ನಿಂದ ಆದದ್ದು."

ಆಮೇಲೆ ಬಂದವರ ಹತ್ತಿರವೆಲ್ಲ ಅದನ್ನೇ ಹೇಳಿದ. ಮಗಳು ಜಸೀಲಾ ಕೊಕ್ಕಡದಿಂದ ಬಂದು ನಲವತ್ತು ದಿನ ಇದ್ದಳು. ಅವಳಿಗೂ ದಿನಾ ಅದೇ ಮಾತು. ಗೋಡೆಯ ಈಚೆ ಶಶಿಪ್ರಭಾಳಿಗೆ ಬೀಡಿ ಕಟ್ಟಲಿಕ್ಕೆ ಕೈ ಬಾರದಾಯಿತು. ಗಂಡನಿಗೆ ನಡೆದದ್ದನ್ನು ಹೇಳಿದಳು.

"ಈಗ ಹೇಳಿ ಏನು ಆಗ್ಲಿಕ್ಕುಂಟು? ಸತ್ತವರು ಬರ್ತಾರಾ? ಸುಮ್ಮನಿರು," ಎಂದ ಚಿನ್ನಯ್ಯ.

ಜಸೀಲಾ ಹೋದ ಮರುದಿನ ಶಶಿಪ್ರಭಾ ಸಮದ್‌ನ ಜಗಲಿಗೆ ಹೋದಳು. ಹೊರಗೆ ಮಳೆ ಸುರಿಯುತ್ತಿತ್ತು. ನಿಂತುಕೊಂಡೇ ಹೇಳಿದಳು. "ಗಂಜಿಯಿಂದ ಅಲ್ಲ ಸಮದಾಕ. ಆ ದಿನ ಒಸರಿನಲ್ಲಿ ಅವರು ನೀರು ಕುಡಿದರು. ನಾನು ತಿರುಗಿ ನಿಂತೆ."

"ಹೊಟ್ಟೆ ತುಂಬ ಕುಡಿದಳಾ?" ಎಂದು ಸಮದ್ ಕೇಳಿದ.

"ಹೌದು. ಆಮೇಲೆ ನಗಾಡಿದರು."

ಅವನು ತಲೆಯ ಟೊಪ್ಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಟೊಪ್ಪಿಯನ್ನು ಮತ್ತೆ ತಲೆಗಿಟ್ಟು, ಸಿಟ್ಟಿಲ್ಲದ ಸ್ವರದಲ್ಲಿ, "ಆ ಸಂಜೆಯೇ ನನಗೆ ಒಂದು ಮಾತು ಹೇಳಿದ್ದರೆ ಆಗಲೇ ಕರ್ಕೊಂಡು ಹೋಗ್ತಿದ್ದೆ ಶಶಿಯಕ್ಕ," ಎಂದ.

ಶಶಿಪ್ರಭಾ ಕೊಡೆ ಬಿಡಿಸದೆ ಮಳೆಯಲ್ಲೇ ಮನೆಗೆ ನಡೆದಳು.

ಅಂದಿನಿಂದ ಸಮದ್ ಗಂಜಿಯ ಮಾತು ಎತ್ತಿದ್ದನ್ನು ಯಾರೂ ಕೇಳಲಿಲ್ಲ. ಶಶಿಪ್ರಭಾಳನ್ನು ಅವನು ಬೈಯಲಿಲ್ಲ, ಬೇರೆಯವರ ಹತ್ತಿರ ದೂರಲೂ ಇಲ್ಲ. ದಾರಿಯಲ್ಲಿ ಸಿಕ್ಕಿದರೆ, "ಹೋಗಿ ಬಂದ್ರಾ?" ಎನ್ನುತ್ತಾನೆ. "ಹೌದು," ಎನ್ನುತ್ತಾಳೆ. ಇಬ್ಬರೂ ಅಲ್ಲಿ ನಿಲ್ಲುವುದಿಲ್ಲ.