ಶನಿವಾರ ಘರ್ಜನೆ, ಭಾನುವಾರ ಏಲಂ

ಗಂಗೊಳ್ಳಿ ಬಂದರಿನಲ್ಲಿ ಬೆಳಗಿನ ಹೊತ್ತು ನಿಂತು ಮೋಕ್ಷಿತಾ ಅಂದರೆ ಯಾರು ಎಂದು ಯಾರನ್ನಾದರೂ ಕೇಳಿ ನೋಡಿ. ಅವರು ಬಾಯಿ ತೆರೆಯುವ ಮೊದಲೇ ಅವಳ ಕೂಗು ನಿಮ್ಮ ಕಿವಿಗೆ ಬಿದ್ದಿರುತ್ತದೆ. ನನ್ನ ಅಕ್ಕ ರತ್ನಳ ಮಗಳು, ಮೀನಿನ ಏಲಂ ಕೂಗುವವಳು. ಬೋಟಿನ ಎಂಜಿನ್, ಐಸ್ ಪುಡಿ ಮಾಡುವ ಮಿಷನ್, ಕಾಗೆ, ಹದ್ದು, ಇದರ ಮೇಲೆ ಚೌಕಾಸಿ ಮಾಡುವ ನೂರು ಬಾಯಿ. ಅಷ್ಟನ್ನೂ ಮೀರಿ ಕೇಳುವ ಗಂಟಲು ಅದು.

ಅದೇ ಗಂಟಲಿನಲ್ಲಿ ಅವಳು ಡೆತ್ ಮೆಟಲ್ ಹಾಡುತ್ತಾಳೆ. ನಗಬೇಡಿ ಮಾರಾಯ್ರೆ, ನಾನು ನಕ್ಕು ಅನುಭವಿಸಿದ್ದೇನೆ! ಬ್ರಹ್ಮಾವರದ ರತನ್ ಮತ್ತು ಅವನ ಗೆಳೆಯರು ಗಿಟಾರು, ಡ್ರಮ್ಸ್ ಇಟ್ಟುಕೊಂಡು ಒಂದು ಬ್ಯಾಂಡ್ ಕಟ್ಟಿದ್ದರು. ಹಾಡುವವರು ಮಾತ್ರ ಇರಲಿಲ್ಲ. ಆ ಸಂಗೀತಕ್ಕೆ ಇಂಪಾದ ಸ್ವರ ಬೇಡ, ಪಾತಾಳದಿಂದ ಎದ್ದು ಬಂದಂಥ ಘರ್ಜನೆ ಬೇಕು. ಮೀನಿಗೆ ಬಂದ ರತನ್ ಇವಳ ಏಲಂ ಕೇಳಿ, ಕೊಂಡ ಬಂಗುಡೆಯನ್ನು ಅಲ್ಲೇ ಮರೆತು, ಇವಳನ್ನು ಬ್ಯಾಂಡಿಗೆ ಕರೆದುಕೊಂಡು ಹೋದ. ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಈ ಯತೀಶ ಅವಳ ಸೋದರಮಾವನಾಗಿ ಹುಟ್ಟಿದ ತಪ್ಪಿಗೆ, ಆ ಬ್ಯಾಂಡಿನ ಸೌಂಡಿನ ಕೆಲಸವೆಲ್ಲ ನನ್ನ ತಲೆಗೆ ಬಂತು, ಅದೂ ಬಿಟ್ಟಿಯಾಗಿ.

ಮೊದಮೊದಲು ಅವಳು ಹಾಡಿದ್ದು ಹೇಗೆ ಗೊತ್ತೇ? ಏಲಂ ಕೂಗಿದ ಹಾಗೆಯೇ. ಬಂದರಿನವರಿಗೆ ಗೊತ್ತಿರುವುದು ಒಂದೇ ವಿದ್ಯೆ: ಸುತ್ತ ಗಲಾಟೆ ಹೆಚ್ಚಾದರೆ ನೀನೂ ಸ್ವರ ಏರಿಸು. ಡ್ರಮ್ಸ್ ಜೋರಾದರೆ ಇವಳೂ ಜೋರು. ಕುತ್ತಿಗೆಯ ನರ ಉಬ್ಬಿ ಬರುತ್ತಿತ್ತು. ಗಂಟಲು ಉರಿದರೆ ಕಾಳುಮೆಣಸಿನ ಕಷಾಯವನ್ನು ಬಿಸಿಬಿಸಿ ಕುಡಿದು ಮತ್ತೆ ಶುರು.

"ಸಾಕ್ ನಿಲ್ಸ್ ಹೆಣೆ, ರಕ್ತ ಬತ್ತ್" ಎಂದು ನಾನು ರೇಗಿದರೆ ನನಗೇ ಪಾಠ.

"ಬಲಿ ಎಳ್ದ್ ಎಳ್ದ್ ಅಪ್ಪಯ್ಯನ ಕೈ ದಡ್ಡ್ ಕಟ್ಟಲಿಲ್ಯಾ ಮಾವ? ಗಂಟ್ಲೂ ಹಾಂಗೇ. ಒಂದ್ಸಲ ದಡ್ಡ್ ಕಟ್ರೆ ಮತ್ತೆ ನೋಯೂದಿಲ್ಲೆ."

ಮೀನಿನ ಬಲೆ ಎಳೆಯುವವರ ಮನೆಯವರಲ್ಲದೆ ಇನ್ಯಾರು ಹೀಗೆ ಯೋಚಿಸುತ್ತಾರೆ, ಹೇಳಿ! ನನಗೂ ಅದು ಸರಿ ಅನ್ನಿಸಿತ್ತು ಎಂಬುದೇ ದೊಡ್ಡ ತಮಾಷೆ.

ಒಂದು ಬೆಳಿಗ್ಗೆ ಏಲಂಗೆ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು, ಕೀರಲು ಶಬ್ದವೊಂದು ಹೊರಟು ಅಲ್ಲೇ ನಿಂತಿತು. ಬೋಟಿನವರು ಮುಖಮುಖ ನೋಡಿಕೊಂಡರು. ಪಕ್ಕದಲ್ಲಿದ್ದ ರತ್ನಕ್ಕನ ಮುಖ ಬಿಳಿಚಿಕೊಂಡಿತು. ಅದಕ್ಕೆ ಕಾರಣ ಇತ್ತು. ಮೊದಲು ಆ ಜಾಗದಲ್ಲಿ ನಿಂತು ಏಲಂ ಕೂಗುತ್ತಿದ್ದವಳು ಅವಳೇ. ಕೂಗಿ ಕೂಗಿ ಸ್ವರ ಒಡೆದು, ಈಗ ಅವಳ ಮಾತು ತೆಂಗಿನ ಒಣ ಮಡಲು ಎಳೆದ ಹಾಗೆ ಕೇಳುತ್ತದೆ. ಮನೆಯ ಅನ್ನ ಈಗ ಮಗಳ ಗಂಟಲಿನಲ್ಲಿತ್ತು.

ಉಡುಪಿಯ ಆಸ್ಪತ್ರೆಯೊಂದಕ್ಕೆ ಓಡಿದೆವು. ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಸ್ವರ ತರಬೇತಿ ಕೊಡುವ ಅಮಿತಾ ಮೇಡಂ ಪರದೆ ತೋರಿಸಿ ಹೇಳಿದರು: "ಕಾಣಿ, ಎರಡೂ ಸ್ವರತಂತುವಿನ ಅಂಚಿನಲ್ಲಿ ದಡ್ಡು ಕಟ್ಟಲು ಶುರುವಾಗಿದೆ. ಇದೇ ಕಾಯಿಲೆ."

ಮೋಕ್ಷಿತಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಮಾತು ಬಂದ್ ಆಯಿತು. ಪಿಸುಮಾತೂ ಕೂಡದು, ಅದೂ ಗಂಟಲಿಗೆ ಹೊರೆಯೇ ಅಂತೆ. ಕಷಾಯದ ಬದಲು ನೀರು. ಬಂದರಿನ ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡಿರುವುದನ್ನು ನೋಡಲು ನೆರೆಮನೆಯವರೆಲ್ಲ ಬಂದು ಹೋದರು! ನನಗೆ ಬೈಯುವುದನ್ನು ಮಾತ್ರ ಅವಳು ಬಿಡಲಿಲ್ಲ, ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದಳು. ಏಲಂಗೆ ಬೇರೆಯವರು ನಿಂತರು. ಅವಳು ದೂರದಲ್ಲಿ ಕೂತು ನೋಡುತ್ತಿದ್ದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ದಡ್ಡು ಕರಗಿ ಮಾತು ಮರಳಿದ ಮೇಲೆ ಅಮಿತಾ ಮೇಡಂ ಒಂದು ಪ್ರಶ್ನೆ ಕೇಳಿದರು. "ಮೀನಿನ ಕ್ರೇಟ್ ಎತ್ತುವಾಗ ಗಂಟಲಿನಲ್ಲಿ ಎಂಥ ಶಬ್ದ ಬರುತ್ತದೆ?"

ಮೋಕ್ಷಿತಾ ಎತ್ತುವ ಹಾಗೆ ಬಗ್ಗಿ "ಹ್ಞೂಂ" ಎಂದಳು.

"ಭಾರ ಎತ್ತುವಾಗ ಸ್ವರತಂತುವಿನ ಮೇಲಿನ ಎರಡು ಮಡಿಕೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಘರ್ಜನೆ ಹುಟ್ಟಬೇಕಾದದ್ದು ಅಲ್ಲಿ, ತಂತುವನ್ನು ಉಜ್ಜಿ ಅಲ್ಲ. ಬಿಗಿ ಬಿಡು. ಹೊಟ್ಟೆಯಿಂದ ಉಸಿರು ಮೆಲ್ಲಗೆ ಬರಲಿ. ಉರಿದರೆ, ಕೆರೆದರೆ ಅಲ್ಲೇ ನಿಲ್ಲಿಸು. ಮಾತಾಡುವಷ್ಟೇ ಸಣ್ಣಕೆ ಮಾಡು, ಜೋರು ಮಾಡುವ ಕೆಲಸ ಮೈಕಿನದು."

ದಿನಾ ಅದನ್ನೇ ಮಾಡಿದಳು. ಮೊದಲು ತುಟಿ ಬುರ್ರ್ ಎನ್ನಿಸುವುದು, ಮತ್ತೆ ಬಾಯಿ ಮುಚ್ಚಿ ಗುಂಯ್‌ಗುಡುವುದು, ಆಮೇಲೆ ಆ "ಹ್ಞೂಂ". ಕೆಮ್ಮು ಬಂತು, ನಗು ಬಂತು, ಸಿಟ್ಟು ಬಂತು, ಘರ್ಜನೆ ಬರಲಿಲ್ಲ. ಒಂದು ಸಂಜೆ ಮರವಂತೆಯ ಹತ್ತಿರ, ನನ್ನ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಗುಂಯ್‌ಗುಡುತ್ತಿದ್ದವಳು ತಟ್ಟನೆ ಬೇರೆಯೇ ಒಂದು ಶಬ್ದ ಬಿಟ್ಟಳು. ಸಣ್ಣದು, ಆಳದ್ದು, ಗರಗರ ಎನ್ನುವಂಥದ್ದು. ನಾನು ಗಾಡಿಯ ಎಂಜಿನ್ ಹೋಯಿತೆಂದು ಬ್ರೇಕ್ ಹಾಕಿದೆ!

"ಮಾವಾ! ಬಂತ್! ನೋವೇ ಇಲ್ಲೆ ಮಾವಾ!"

ಹೆದ್ದಾರಿಯ ಬದಿಯಲ್ಲಿ ಇಳಿದು ಕುಣಿದೆವು ಇಬ್ಬರೂ. ನನ್ನ ವಯಸ್ಸಿಗೆ ಅದು ಶೋಭೆಯಲ್ಲ, ಆದರೂ ಕುಣಿದೆ.

ಇನ್ನು ಜೋರು ಮಾಡುವ ಅವಳ ಚಾಳಿ ಉಳಿದಿತ್ತು. ಅದಕ್ಕೆ ಮದ್ದು ನನ್ನ ಹತ್ತಿರವೇ ಇತ್ತು. ತಮ್ಮ ಸ್ವರ ತಮಗೆ ಕೇಳದವರು ತಾನೇ ಬೊಬ್ಬೆ ಹೊಡೆಯುವುದು? ಅವಳ ಕಿವಿಗೆ ಇಯರ್‌ಫೋನ್ ಕೊಟ್ಟು, ಅದರಲ್ಲಿ ಅವಳ ಸ್ವರವನ್ನೇ ಹೆಚ್ಚಾಗಿ ಬಿಟ್ಟೆ. ಕೂಡಲೇ ಕುತ್ತಿಗೆಯ ನರ ಇಳಿಯಿತು. ಬಂದರಿನಲ್ಲೂ ಹೊಟ್ಟೆಯಿಂದ ಉಸಿರು ಬಿಟ್ಟು ಕೂಗುತ್ತಾ ಏಲಂಗೆ ಮತ್ತೆ ಅವಳೇ ನಿಂತಳು.

ಬ್ರಹ್ಮಾವರದಲ್ಲಿ ಮೊದಲ ಕಾರ್ಯಕ್ರಮ ನಿಗದಿಯಾದಾಗ ರತ್ನಕ್ಕ ಮಗಳನ್ನು ಎದುರು ಕೂರಿಸಿಕೊಂಡಳು.

"ಶನಿವಾರ ಹಾಡ್, ನಾ ಬ್ಯಾಡ ಅಂಬುದಿಲ್ಲೆ. ಆದ್ರೆ ಐತಾರ ಬೆಳಿಗ್ಗೆ ಏಲಂ ಕೂಗ್ಕ್. ಸ್ವರ ಒಡ್ದಿತ್ತಾ, ಮತ್ತೆ ಜೀವಮಾನದಲ್ಲ್ ಆ ಮೈಕ್ ಮುಟ್ಟುಕಾಗ."

"ಆಯ್ತಮ್ಮ" ಎಂದಳು ಮೋಕ್ಷಿತಾ.

ಶನಿವಾರ ಸಂಜೆಯನ್ನು ಹೇಗೆ ಹೇಳಲಿ! ಕಪ್ಪು ಅಂಗಿ ಹಾಕಿದ ಕಾಲೇಜು ಹುಡುಗರು ಒಂದು ಕಡೆ, ಬಸ್ಸು ಹತ್ತಿ ಬಂದ ಬಂದರಿನ ಹೆಂಗಸರು ಇನ್ನೊಂದು ಕಡೆ. ಮಳೆಗಾಲದ ಕಡಲಿನ ಬಗ್ಗೆ ಬ್ಯಾಂಡಿನವರೇ ಕಟ್ಟಿದ ಹಾಡು. ಮೋಕ್ಷಿತಾ ಭುಜ ಸಡಿಲ ಬಿಟ್ಟು, ಮಾತಾಡುವವಳ ಹಾಗೆ ಬಾಯಿ ತೆರೆದಳು, ನನ್ನ ಸ್ಪೀಕರುಗಳಿಂದ ಕಡಲೇ ಎದ್ದು ಬಂತು! ಕುರ್ಚಿಗಳು ನಡುಗಿದವು. ಹುಡುಗರು ಹುಚ್ಚೆದ್ದರು, ಹೆಂಗಸರು "ಅಬ್ಬಿಯೇ" ಎಂದು ಎದೆ ಹಿಡಿದುಕೊಂಡು ಚಪ್ಪಾಳೆ ಹೊಡೆದರು. ಇಂಥ ಹುಡುಗಿಗೆ ಮಾವನಾಗಿದ್ದೇನಲ್ಲ ಎಂದು ಹೆಮ್ಮೆಯಿಂದ ಕಣ್ಣು ಒರೆಸಿಕೊಂಡೆ.

ರತ್ನಕ್ಕ ಬಂದಿರಲಿಲ್ಲ. ಮನೆಗೆ ಹೋಗುವಾಗ ಮೋಕ್ಷಿತಾ ಟೆಂಪೋದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಸ್ವರ ಇದೆಯೋ ಹೋಯಿತೋ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಬೆಳಿಗ್ಗೆ ಬೋಟುಗಳು ಬಂದವು. ಬಂಗುಡೆ ರಾಶಿ ಬಿತ್ತು. ಮೋಕ್ಷಿತಾ ನಡುವೆ ಬಂದು ನಿಂತಳು. ರತ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಹ್ವಾಯ್! ಬನ್ನಿ ಬನ್ನಿ! ಬಂಗುಡಿ ಕಾಣಿ, ಈಗಳ್ ಬಂದದ್ದ್!"

ಗಂಟೆ ಹೊಡೆದ ಹಾಗಿತ್ತು ಸ್ವರ! ಒಂದು ಬಿರುಕಿಲ್ಲ, ಒಂದು ಕೀರಲಿಲ್ಲ. ರಾಶಿಯ ಮೇಲೆ ರಾಶಿ ಹೋಯಿತು, ಸ್ವರ ಮಾತ್ರ ಹಾಗೇ ನಿಂತಿತು. ಕೊನೆಯ ಬುಟ್ಟಿಯೂ ಖಾಲಿಯಾಗಿ ಜನ ಹೊರಡುವ ಹೊತ್ತಿಗೆ ರತ್ನಕ್ಕ ಮಗಳ ಹತ್ತಿರ ಬಂದಳು.

"ಇನ್ನೊಂದ್ಸಲ ಕೂಗ್."

"ಮೀನ್ ಎಲ್ಲಿತ್ತಮ್ಮ? ಎಲ್ಲ ಖಾಲಿ ಆಯ್ತಲೆ."

"ಕೂಗ್ ಅಂದೆ."

ಮೋಕ್ಷಿತಾ ಖಾಲಿ ಬುಟ್ಟಿಯನ್ನೇ ಎತ್ತಿ ಹಿಡಿದಳು. "ಖಾಲಿ ಬುಟ್ಟಿ! ಖಾಲಿ ಬುಟ್ಟಿ! ಯಾರಿಗ್ ಬೇಕ್?"

ಬಂದರಿಗೆ ಬಂದರೇ ನಕ್ಕಿತು. ಆ ನಗೆಯ ನಡುವೆ ರತ್ನಕ್ಕ ಕೈ ಎತ್ತಿದಳು.

"ನಂಗೆ" ಎಂದಳು.

"ಒಂದ್ನೇ ಸಲ! ಎರಡ್ನೇ ಸಲ! ಮೂರ್ನೇ ಸಲ! ನನ್ ಅಮ್ಮಂಗೆ!"