ಎಣ್ಣೆಗೆ ನೇರ ಇಳಿದ ಚಕ್ಕುಲಿ

ವಾಮದಪದವಿನಲ್ಲಿ ಕೀರ್ತಿ ಯಾವ ದಾರಿಯಿಂದ ಬರುತ್ತದೆಂದು ಹೇಳಲಾಗದು. ತೃಪ್ತಿಗೆ ಅದು ಚಕ್ಕುಲಿಯಿಂದ ಬಂತು. ಊರಿನ ಸಮಸ್ತ ಹೆಂಗಸರೂ ಚಕ್ಕುಲಿಯನ್ನು ಬಾಳೆಲೆಯ ಮೇಲೆ ಒತ್ತಿ, ಆಮೇಲೆ ಎಣ್ಣೆಗೆ ಜಾರಿಸುತ್ತಿದ್ದರೆ, ಈಕೆ ಅಚ್ಚನ್ನು ಬಾಣಲೆಯ ಮೇಲೆತ್ತಿ ಹಿಡಿದು ಕಾದ ಎಣ್ಣೆಗೇ ಸುತ್ತು ಹಾಕುತ್ತಿದ್ದಳು. ಆ ದೃಶ್ಯ ನೋಡಲು ನಾರಾವಿಯಿಂದ ನೆಂಟರು ಬಂದದ್ದುಂಟು. ಬಿಸಿಗೆ ಅಂಜದ ಆ ಕೈಗೆ ಯಾವುದೋ ದೈವದ ಅಭಯವಿದೆ ಎಂದವರೂ ಉಂಟು. ಅತ್ತೆ ಸೇಸಮ್ಮ ಮಾತ್ರ ಮೂಗು ಮುರಿಯುತ್ತಿದ್ದರು.

ಈ ವೀರವನಿತೆ ಮಿಜಾರಿನ ಸಮೀಪದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನಿನಲ್ಲಿ ಹೊಸಬಳಾಗಿ ಸೇರಿ, ಮಾರ್ಚಿನಲ್ಲಿ ಹಳಬಳಾಗಿ ಹೊರಬೀಳುವ ಹುದ್ದೆ. ಈ ಸಲ ಆಯ್ಕೆ ಸಮಿತಿಯ ಮುಂದೆ ಪಾಠ ಮಾಡಿ ಮೆಚ್ಚಿಸಿದರೆ ಕಾಯಂ. ವಿಷಯ, ಜೀವಕೋಶ ತನ್ನ ಒಳಪೊರೆಗಳಿಗೆ ಪ್ರೋಟೀನನ್ನು ಸೇರಿಸುವ ಬಗೆ. ತೃಪ್ತಿ ಒಲೆ, ಬಾಣಲೆ, ಅಚ್ಚು, ಹಿಟ್ಟು ಸಮೇತ ದಂಡಯಾತ್ರೆ ಹೊರಟಳು.

ಪ್ರಾಂಶುಪಾಲರು ಶಿಸ್ತಿನವರು. ಗಣ್ಯರ ಮುಂದೆ ಹಿಟ್ಟು ಒತ್ತುತ್ತ ನಿಲ್ಲುವುದು ಸಂಸ್ಥೆಯ ಘನತೆಗೆ ಕುಂದೆಂದು, ಮೊದಲೇ ಒತ್ತಿ ತಟ್ಟೆಯಲ್ಲಿ ಪೇರಿಸಿಡಲು ಅಪ್ಪಣೆ ಮಾಡಿ, ತಾವು ಸ್ವಾಗತ ಭಾಷಣಕ್ಕೆ ನಿಂತರು. ಸಂಸ್ಥೆಯ ಇತಿಹಾಸ ಮುಗಿದು, ಶಾಲು ಹೊದೆಸಿ, ಹಾರ ಹಾಕಿ, ಫೋಟೊ ಸರಿಬರಲಿಲ್ಲವೆಂದು ಇನ್ನೊಮ್ಮೆ ಹಾರ ಹಾಕುವ ಹೊತ್ತಿಗೆ ತಟ್ಟೆಯಲ್ಲಿ ಚಕ್ಕುಲಿಗಳಿರಲಿಲ್ಲ, ಒಂದು ಮುದ್ದೆಯಿತ್ತು.

ಮುಂದಿನ ಜೂನ್ ತೃಪ್ತಿಯ ಕಣ್ಣೆದುರು ಬಂದು ನಿಂತಿತು. ಬೇರೆ ದಾರಿ ಕಾಣದೆ ಮುದ್ದೆಯನ್ನೇ ಎತ್ತಿ ತೋರಿಸಿದಳು.

"ಪೊರೆಗೆ ಸೇರುವ ಪ್ರೋಟೀನಿನಲ್ಲಿ ನೀರಿಗೆ ಆಗದ, ಕೊಬ್ಬಿಗೆ ಒಗ್ಗುವ ತುಂಡುಗಳುಂಟು ಸರ್. ಪೂರ್ತಿ ತಯಾರಾಗಿ ಕೋಶದ ನೀರಿನಲ್ಲಿ ಕಾದು ಕೂತರೆ ಹೀಗೆಯೇ ಅಂಟಿಕೊಳ್ತವೆ. ಅದಕ್ಕೇ ಕೋಶ ಕಾಯುವುದಿಲ್ಲ. ಪ್ರೋಟೀನ್ ಹೆಣೆಯುವ ಯಂತ್ರದಿಂದ ಇಂಥ ಮೊದಲ ತುಂಡು ಹೊರಗೆ ಕಂಡ ಕೂಡಲೇ, ಆ ಯಂತ್ರವನ್ನೇ ಪೊರೆಯ ಬಾಗಿಲಿಗೆ ತಂದು ಕೂರಿಸ್ತದೆ. ಎಳೆ ಬಂದ ಹಾಗೆ, ಬಾಗಿಲಿನ ಪಕ್ಕದ ಸೀಳಿನಿಂದ ಆ ತುಂಡು ಪೊರೆಯ ಕೊಬ್ಬಿಗೆ ಜಾರ್ತದೆ."

ಉಳಿದ ಹಿಟ್ಟನ್ನು ಅಚ್ಚಿಗೆ ತುಂಬಿ, ಇದೇ ಯಂತ್ರ, ಎಣ್ಣೆಯೇ ಪೊರೆ ಎಂದು ಹೇಳುತ್ತ ಬಾಣಲೆಗೆ ನೇರ ಸುತ್ತಿದಳು. ಕೋಶದಲ್ಲಿ ಸ್ವಾಗತ ಭಾಷಣ ಇರುವುದಿಲ್ಲವೆಂದು ಅವಳು ಹೇಳಲಿಲ್ಲ. ಸಭೆಗೆ ತಾನಾಗಿ ಅರ್ಥವಾಯಿತು.

ಸಮಿತಿಯ ಹಿರಿಯರು ಬಿಸಿ ಚಕ್ಕುಲಿ ಮುರಿಯುತ್ತ, ಹುದ್ದೆ ಕಾಯಂ ಎಂದು ಅಲ್ಲೇ ಸಾರಿದರು. ಮುದ್ದೆಯೂ ತಮ್ಮದೇ ಯೋಜನೆ ಎಂಬಂತೆ ಪ್ರಾಂಶುಪಾಲರು ತಲೆದೂಗಿದರು. ಹಿರಿಯರು ಭಕ್ತಿಯಿಂದ ಕೇಳಿದರು, "ನೇರ ಎಣ್ಣೆಗೆ ಒತ್ತುವ ಈ ಸಾಧನೆ ಪೊರೆಯ ಅಧ್ಯಯನದಿಂದ ಹೊಳೆದದ್ದಾ ಮೇಡಂ?"

"ಅಲ್ಲ ಸರ್. ಬಾಳೆಲೆ ಕೊಯ್ಯಲಿಕ್ಕೆ ತೋಟಕ್ಕೆ ಇಳಿಯಬೇಕಲ್ಲ, ಅದಕ್ಕೆ ಉದಾಸೀನ."